ಬ್ಯಾರಿ ಸ್ಯಾಂಡರ್ಸ್ ಯಾಕೆ ನಿಲ್ಲಿಸಿಬಿಟ್ಟ

1989ರ ಡಿಸೆಂಬರ್ 24, ಅಟ್ಲಾಂಟಾದಲ್ಲಿ ಡೆಟ್ರಾಯಿಟ್ ಲಯನ್ಸ್ ಅನ್ನೋ ಅಮೆರಿಕನ್ ಫುಟ್ಬಾಲ್ ಟೀಮಿಂದು ಆ ಸೀಸನ್‌ನ ಕೊನೇ ಮ್ಯಾಚ್. ಮುಗಿಯೋಕೆ ಇನ್ನು ಸ್ವಲ್ಪವೇ ಹೊತ್ತಿದೆ, ಲಯನ್ಸ್ ಗೆಲ್ಲೋದು ಗ್ಯಾರಂಟಿ ಆಗಿದೆ, ಆಗ ಕೋಚ್ ವೇಯ್ನ್ ಫಾಂಟ್ಸ್ ತಮ್ಮ 21 ವರ್ಷದ ಹುಡುಗನ ಹತ್ರ ಬಂದು ಇನ್ನು ಹತ್ತು ಯಾರ್ಡ್ ಅಷ್ಟೇ ಕಣಪ್ಪ, ಈ ವರ್ಷ ಲೀಗ್‌ನಲ್ಲೇ ಬಾಲ್ ಹಿಡ್ಕೊಂಡು ಎಲ್ಲರಿಗಿಂತ ಜಾಸ್ತಿ ಓಡಿದವನ ಪಕ್ಕ ನಿಲ್ತೀಯ, ಇನ್ನೊಂದು ಹೆಜ್ಜೆ ಹಾಕಿದ್ರೆ ನೀನೇ ಫಸ್ಟು, ಒಳಗೆ ಹೋಗ್ತೀಯಾ ಅಂತ ಕೇಳಿದ್ರು. ಹುಡುಗ ಬೇಡ ಕೋಚ್, ಗೆದ್ದು ಮನೆಗೆ ಹೋಗೋಣ ಅಂದ. ಆ ವರ್ಷದ ಟೈಟಲ್ ಕ್ಯಾನ್ಸಸ್ ಸಿಟಿಯ ಕ್ರಿಶ್ಚಿಯನ್ ಒಕೋಯೆಗೆ ಹೋಯ್ತು, 1,480 ಯಾರ್ಡ್. ಬ್ಯಾರಿ ಸ್ಯಾಂಡರ್ಸ್ 1,470ಕ್ಕೆ ನಿಂತ. ಅದು ಅವನ ಮೊದಲನೇ ವರ್ಷ ಬೇರೆ, ಅವತ್ತಿನ ಮ್ಯಾಚಲ್ಲಿ ಆಗಲೇ 158 ಯಾರ್ಡ್ ಓಡಿ ಮೂರು ಟಚ್‌ಡೌನ್ ಹಾಕಿದ್ದ, ಇನ್ನೊಂದೆರಡು ಸಲ ಬಾಲ್ ಕೈಗೆ ಸಿಕ್ಕಿದ್ರೆ ಮುಗಿದೇ ಹೋಗ್ತಿತ್ತು.

ನಾನು ಕೆಲಸಕ್ಕೆ ಅಂತ ಡೆಟ್ರಾಯಿಟ್ ಇರೋ ಮಿಷಿಗನ್‌ಗೆ ಬಂದಾಗ ಈ ಆಟದ ತಲೆಬುಡ ಗೊತ್ತಿರ್ಲಿಲ್ಲ. ಆದ್ರೆ ಇಲ್ಲಿ ಆಫೀಸಲ್ಲಿ ಸ್ವಲ್ಪ ವಯಸ್ಸಾದ ಯಾರ ಜೊತೆ ಲಯನ್ಸ್ ಬಗ್ಗೆ ಮಾತು ತೆಗೆದ್ರೂ ಅದು ಹೋಗಿ ಬ್ಯಾರಿ ಹತ್ರಾನೇ ನಿಲ್ಲುತ್ತೆ, ಮುಖ ಅರಳುತ್ತೆ, ಆಮೇಲೆ ಒಂದು ಥರ ಬೇಜಾರು ಬರುತ್ತೆ, ಯಾಕಪ್ಪಾ ಹಂಗೆ ಬಿಟ್ಟು ಹೋದ ಅನ್ನೋ ಬೇಜಾರು. ಆ ಬೇಜಾರು ಏನು ಅಂತ ತಿಳ್ಕೊಳ್ಳೋಕೆ ಹೋಗಿ ಹಳೇ ವೀಡಿಯೋ ನೋಡ್ತಾ, ಓದ್ತಾ ನಂಗೆ ಇವನ ಹುಚ್ಚು ಹಿಡೀತು ಅಂತಾನೇ ಹೇಳ್ಬೇಕು.

ರನ್ನಿಂಗ್ ಬ್ಯಾಕ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಹನ್ನೊಂದು ಜನ ಈ ಕಡೆ, ಹನ್ನೊಂದು ಜನ ಆ ಕಡೆ. ಬಾಲ್ ಇರೋ ಟೀಮಿಗೆ ನಾಲ್ಕು ಚಾನ್ಸ್, ಅಷ್ಟರೊಳಗೆ ಹತ್ತು ಯಾರ್ಡ್ ಮುಂದೆ ಹೋಗ್ಬೇಕು, ಹೋದ್ರೆ ಮತ್ತೆ ನಾಲ್ಕು ಚಾನ್ಸ್, ಹಿಂಗೇ ಹೋಗಿ ಮೈದಾನದ ಆ ತುದಿ ಮುಟ್ಟಿದ್ರೆ ಟಚ್‌ಡೌನ್. ಕ್ವಾರ್ಟರ್‌ಬ್ಯಾಕ್ ಅನ್ನೋನು ಬಾಲನ್ನ ದೂರಕ್ಕೆ ಎಸೀಬಹುದು, ಇಲ್ಲಾ ರನ್ನಿಂಗ್ ಬ್ಯಾಕ್ ಕೈಗೆ ಕೊಟ್ಟು ಓಡು ಅನ್ನಬಹುದು. ಕೈಗೆ ಬಾಲ್ ಬಿದ್ದ ಕ್ಷಣದಿಂದ ಎದುರಿನ ಹನ್ನೊಂದು ಜನಕ್ಕೂ ಇವನೇ ಬೇಕು, ನೂರು ನೂರಿಪ್ಪತ್ತು ಕೆಜಿ ಆಳುಗಳು ಪೂರ್ತಿ ಸ್ಪೀಡಲ್ಲಿ ಬಂದು ಗುದ್ದಿ ನೆಲಕ್ಕೆ ಹಾಕ್ತಾರೆ. ಇವನು ಎದ್ದು ಮತ್ತೆ ಹೋಗಿ ನಿಲ್ಬೇಕು. ಒಂದು ಮ್ಯಾಚಲ್ಲಿ ಇಪ್ಪತ್ತು ಸಲ, ಒಂದೊಂದ್ಸಲ ಮೂವತ್ತು ಸಲ. ಈ ಆಟದಲ್ಲಿ ದೇಹ ಬೇಗ ಸವೆಯೋದು ಇವರದ್ದೇ, ಮೂವತ್ತು ದಾಟಿದ್ರೆ ಮುದುಕ ಅಂತ ಲೆಕ್ಕ.

ಬ್ಯಾರಿ ಹುಟ್ಟಿದ್ದು 1968ರ ಜುಲೈ 16, ಕ್ಯಾನ್ಸಸ್ ರಾಜ್ಯದ ವಿಚಿಟಾ ಊರಲ್ಲಿ, ಹನ್ನೊಂದು ಮಕ್ಕಳ ಮನೆ. ಅಪ್ಪ ವಿಲಿಯಂ ಮನೆಗಳಿಗೆ ಛಾವಣಿ ಹಾಕೋ ಕೆಲಸದವರು, ಮರಗೆಲಸಾನೂ ಮಾಡ್ತಿದ್ರು, ಬೇಸಿಗೆಯಲ್ಲಿ ಗಂಡುಮಕ್ಕಳನ್ನೂ ಛಾವಣಿ ಮೇಲೆ ಹತ್ತಿಸ್ತಿದ್ರು. ಗಟ್ಟಿ ಗಂಟಲಿನ ಮನುಷ್ಯ, ಅನ್ನಿಸಿದ್ದನ್ನ ಮುಖಕ್ಕೆ ಹೇಳೋರು. ಮಗ ಮಾತೇ ಆಡದವನು. ಪ್ರಪಂಚದಲ್ಲೇ ಶ್ರೇಷ್ಠ ರನ್ನಿಂಗ್ ಬ್ಯಾಕ್ ಯಾರು ಅಂತ ಕೇಳಿದ್ರೆ ವಿಲಿಯಂ ಅವರು ಕೊನೇವರೆಗೂ ಹಳೇ ಕಾಲದ ಆಟಗಾರ ಜಿಮ್ ಬ್ರೌನ್ ಅಂತಾನೇ ಹೇಳ್ತಿದ್ರು, ಸ್ವಂತ ಮಗ ಟಿವಿ ತುಂಬಾ ಓಡ್ತಿದ್ದಾಗ್ಲೂ. ಮನೆಯಲ್ಲಿ ಹಿಂಗೆ ಬೆಳೆದವನಿಗೆ ಹೊರಗಿನ ಹೊಗಳಿಕೆ ತಲೆಗೆ ಏರೋದು ಕಷ್ಟ ಅಂತ ನಂಗೆ ಅನ್ಸುತ್ತೆ.

ಆಳು ಕುಳ್ಳ, ಐದು ಅಡಿ ಎಂಟು ಇಂಚು. ಹೈಸ್ಕೂಲಲ್ಲಿ ಅವನ ಜಾಗದಲ್ಲಿ ಅಣ್ಣ ಬೈರನ್ ಆಡ್ತಿದ್ದ, ಕೊನೇ ವರ್ಷ ಸೀಸನ್ ಶುರುವಾಗಿ ಕೆಲವು ಮ್ಯಾಚ್ ಆದ್ಮೇಲೇನೇ ಇವನಿಗೆ ರನ್ನಿಂಗ್ ಬ್ಯಾಕ್ ಜಾಗ ಸಿಕ್ಕಿದ್ದು. ದೊಡ್ಡ ಕಾಲೇಜುಗಳು ಹೆಚ್ಚು ಕಮ್ಮಿ ತಿರುಗೀನೂ ನೋಡ್ಲಿಲ್ಲ, ಒಕ್ಲಹೋಮ ಸ್ಟೇಟ್ ಕರೀತು. ಅಲ್ಲೂ ಎರಡು ವರ್ಷ ಥರ್ಮನ್ ಥಾಮಸ್ ಹಿಂದೆ ಕಾಯ್ಬೇಕಾಯ್ತು, ಆ ಥಾಮಸ್ ಕೂಡ ಮುಂದೆ ಈ ಆಟದ ಅತಿ ದೊಡ್ಡ ಆಟಗಾರರನ್ನ ಸೇರಿಸ್ಕೊಳ್ಳೋ ಹಾಲ್ ಆಫ್ ಫೇಮ್ ಸೇರಿದವನು, ಹಂಗಾಗಿ ಕಾಯಿಸಿದ್ರು ಅಂತ ಕೋಚ್‌ಗಳನ್ನ ಬೈಯೋಕಾಗಲ್ಲ. ಥಾಮಸ್ ಹೋದ್ಮೇಲೆ 1988ರಲ್ಲಿ ಇವನಿಗೆ ಪೂರ್ತಿ ಸೀಸನ್ ಸಿಕ್ತು ನೋಡಿ, 11 ಮ್ಯಾಚಲ್ಲಿ 2,628 ಯಾರ್ಡ್, ಓಡಿ ಹಾಕಿದ ಟಚ್‌ಡೌನ್ 37. ಮ್ಯಾಚಿಗೆ ಸರಾಸರಿ 239 ಯಾರ್ಡ್ ಹತ್ತಿರ. ಸೀಸನ್ ಮುಗಿದ ಮೇಲೆ ಇಡೋ ಹಾಲಿಡೇ ಬೌಲ್ ಅನ್ನೋ ವಿಶೇಷ ಮ್ಯಾಚಲ್ಲಿ ಓಡಿದ 222 ಯಾರ್ಡ್ ಇದರಲ್ಲಿ ಸೇರಿಲ್ಲ, ಆ ಕಾಲದಲ್ಲಿ ಬೌಲ್ ಮ್ಯಾಚ್‌ಗಳನ್ನ ಲೆಕ್ಕಕ್ಕೆ ತಗೋತಿರ್ಲಿಲ್ಲ. 2024ರಲ್ಲಿ ಬಾಯ್ಸಿ ಸ್ಟೇಟ್‌ನ ಆಶ್ಟನ್ ಜೆಂಟಿ 14 ಮ್ಯಾಚ್ ಆಡಿ 2,601ಕ್ಕೆ ಬಂದ, ಇನ್ನೇನು ಆ 2,628ರ ರೆಕಾರ್ಡ್ ಮುರಿದೇಬಿಟ್ಟ ಅಂದ್ಕೊಂಡ್ವಿ, ಮುರೀಲಿಲ್ಲ.

ಅದೇ ವರ್ಷ ಅವನಿಗೆ ಹೈಸ್ಮನ್ ಟ್ರೋಫಿ ಬಂತು, ಕಾಲೇಜು ಫುಟ್ಬಾಲ್‌ನಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಅನೌನ್ಸ್ ಆದಾಗ ಟೀಮ್ ಜಪಾನಿನ ಟೋಕಿಯೋದಲ್ಲಿತ್ತು, ಟೆಕ್ಸಸ್ ಟೆಕ್ ಜೊತೆ ಮ್ಯಾಚ್ ಅಲ್ಲೇ ಇಟ್ಟಿದ್ರು. ಸ್ಯಾಟಲೈಟ್ ಮೂಲಕ ಟಿವಿಯಲ್ಲಿ ಮಾತಾಡ್ಬೇಕು ಅಂದ್ರೆ ಇವನಿಗೆ ಅದೇ ಬೇಡವಾಗಿತ್ತು, ಹೇಳಿ ಹೇಳಿ ಒಪ್ಪಿಸಿ ಕೂರಿಸ್ಬೇಕಾಯ್ತು. ಆಮೇಲೆ ಮೈದಾನಕ್ಕೆ ಇಳಿದು 332 ಯಾರ್ಡ್ ಓಡಿದ. ನಂಗೆ ಇವನ ಜೀವನದಲ್ಲಿ ಸಿಕ್ಕಾಪಟ್ಟೆ ಇಷ್ಟ ಆಗೋ ದಿನಗಳಲ್ಲಿ ಇದೂ ಒಂದು.

1989ರ ಡ್ರಾಫ್ಟ್‌ನಲ್ಲಿ, ಅಂದ್ರೆ ಟೀಮ್‌ಗಳು ಸರದಿ ಪ್ರಕಾರ ಕಾಲೇಜು ಹುಡುಗರನ್ನ ಆರಿಸ್ಕೊಳ್ಳೋವಾಗ, ಮೊದಲನೇದಾಗಿ ಡಲ್ಲಾಸ್‌ನವರು ಟ್ರಾಯ್ ಐಕ್‌ಮನ್‌ನ ತಗೊಂಡ್ರು, ಎರಡನೇ ಚಾನ್ಸ್ ಗ್ರೀನ್ ಬೇದು, ಅವರು ಟೋನಿ ಮ್ಯಾಂಡರಿಚ್ ಅನ್ನೋ ದೈತ್ಯನನ್ನ ತಗೊಂಡು ಪಶ್ಚಾತ್ತಾಪ ಪಟ್ರು, ಮೂರನೇದು ಡೆಟ್ರಾಯಿಟ್, ಬ್ಯಾರಿ. ನಾಲ್ಕು ಮತ್ತು ಐದು ಡೆರಿಕ್ ಥಾಮಸ್, ಡಿಯಾನ್ ಸ್ಯಾಂಡರ್ಸ್. ಮ್ಯಾಂಡರಿಚ್ ಒಬ್ಬನನ್ನ ಬಿಟ್ಟು ಮೊದಲ ಐದರಲ್ಲಿ ಉಳಿದ ನಾಲ್ಕೂ ಜನ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ದುಡ್ಡಿನ ಮಾತುಕತೆ ಎಳೆದಾಡಿ ಇವನು ಟ್ರೈನಿಂಗ್ ಕ್ಯಾಂಪನ್ನೇ ಮಿಸ್ ಮಾಡ್ಕೊಂಡಿದ್ದ, ಮೊದಲ ಮ್ಯಾಚಿನ ಮೂರನೇ ಕ್ವಾರ್ಟರ್‌ನಲ್ಲಿ ಒಳಗೆ ಕಳಿಸಿದ್ರು, ಮೊದಲ ಸಲ ಬಾಲ್ ಕೈಗೆ ಬಂದಾಗಲೇ 18 ಯಾರ್ಡ್. ಕೈಗೆ ಬಂದ ಬೋನಸ್‌ನಲ್ಲಿ ಹತ್ತನೇ ಒಂದು ಭಾಗ ಊರಿನ ಚರ್ಚ್‌ಗೆ ಕೊಟ್ಟ.

ಅವನ ಓಟದ ಬಗ್ಗೆ ಸ್ವಲ್ಪ ಹೇಳ್ಬೇಕು, ಇಷ್ಟೆಲ್ಲ ಬರೆಯೋಕೆ ಕಾರಣಾನೇ ಅದು. ಉಳಿದ ರನ್ನಿಂಗ್ ಬ್ಯಾಕ್‌ಗಳು ಸಾಮಾನ್ಯವಾಗಿ ಎಲ್ಲಿ ಸಂದಿ ಕಾಣುತ್ತೋ ಅಲ್ಲಿ ತಲೆ ತಗ್ಗಿಸಿ ನುಗ್ಗಿ ಮೂರೋ ನಾಲ್ಕೋ ಯಾರ್ಡ್ ತಗೊಂಡು ಬೀಳ್ತಾರೆ, ಕೋಚ್‌ಗಳಿಗೂ ಅದೇ ಬೇಕು. ಬ್ಯಾರಿ ಹಂಗೆ ಬೀಳೋಕೆ ಒಪ್ಪಲ್ಲ. ಬಲಕ್ಕೆ ಹೋಗ್ತಾನೆ, ಅಲ್ಲಿ ಮೂರು ಜನ ಕಾಯ್ತಿದ್ರೆ ಗಕ್ಕಂತ ನಿಲ್ತಾನೆ, ಪೂರ್ತಿ ಸ್ಪೀಡಲ್ಲಿದ್ದವನು ಒಂದೇ ಹೆಜ್ಜೇಲಿ ನಿಂತುಬಿಡ್ತಾನೆ, ಮೊಣಕಾಲು ಮುರಿದೇ ಹೋಯ್ತೇನೋ ಅನ್ನಿಸ್ಬೇಕು, ಹಿಂದಕ್ಕೆ ಬಂದು ಎಡಕ್ಕೆ ಸುತ್ತಿ ಬರ್ತಾನೆ, ಆ ಕಡೆ ಜನ ಬಂದ್ರೆ ಗಿರ್ರಂತ ತಿರುಗಿ ಮತ್ತೆ ನಡುವೆ. 1994ರಲ್ಲಿ ನ್ಯೂ ಇಂಗ್ಲೆಂಡ್ ಮೇಲೆ ಓಡಿದ ಒಂದು ಟಚ್‌ಡೌನ್ ಇದೆ, ಹಾರ್ಲನ್ ಬಾರ್ನೆಟ್ ಅನ್ನೋ ಡಿಫೆಂಡರ್ ಇವನನ್ನ ಹಿಡಿಯೋಕೆ ಹೋಗಿ ತಾನೇ ಒಂದು ಸುತ್ತು ತಿರುಗಿ ಎತ್ತಲೋ ನೋಡ್ತಾ ನಿಂತ್ಕೊಂಡ. ಬಾರ್ನೆಟ್ ಏನೂ ಸಾಮಾನ್ಯ ಆಟಗಾರ ಅಲ್ಲ, ಲಯನ್ಸ್ ಆಡೋ ಅದೇ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಡ್ತಿದ್ದವನು. ಅಷ್ಟೆಲ್ಲ ಮಾಡಿ ಆ ತುದಿ ಮುಟ್ಟಿದ್ಮೇಲೆ ಬಾಲನ್ನ ಅಲ್ಲೇ ಇದ್ದ ರೆಫರಿ ಕೈಗೆ ಕೊಟ್ಟು ವಾಪಸ್ ನಡ್ಕೊಂಡು ಬರ್ತಿದ್ದ, ಕುಣಿತ ಇಲ್ಲ, ಎದೆ ಬಡ್ಕೊಳೋದಿಲ್ಲ.

ಇದಕ್ಕೊಂದು ಬೆಲೆ ಇತ್ತು. ಹಿಂಗೆ ಹಿಂದೆ ಮುಂದೆ ಓಡೋವಾಗ ಎಷ್ಟೋ ಸಲ ಬಾಲ್ ತಗೊಂಡ ಜಾಗಕ್ಕಿಂತ ಹಿಂದೇನೇ ಸಿಕ್ಕಿಬೀಳ್ತಿದ್ದ, ಮೈನಸ್ ಯಾರ್ಡ್. ಎರಡು ಕಳ್ಕೊಂಡ, ಒಂದು ಕಳ್ಕೊಂಡ, ಸೊನ್ನೆ, ಆಮೇಲೆ ಐವತ್ತು. 1994ರಲ್ಲಿ ಒಂದು ಸೋಮವಾರ ರಾತ್ರಿ ಡಲ್ಲಾಸ್ ಊರಿಗೇ ಹೋಗಿ 40 ಸಲ ಓಡಿ 194 ಯಾರ್ಡ್ ಹೊಡೆದು ಗೆಲ್ಲಿಸಿದವನು, ಅದೇ ಸೀಸನ್ ಪ್ಲೇಆಫ್‌ನಲ್ಲಿ, ಅಂದ್ರೆ ಸೋತ್ರೆ ಮನೆಗೆ ಅನ್ನೋ ಕೊನೇ ಸುತ್ತಿನ ಮ್ಯಾಚಲ್ಲಿ, ಗ್ರೀನ್ ಬೇ ಎದುರು 13 ಸಲ ಓಡಿ ಒಟ್ಟು ಮೈನಸ್ ಒಂದು. ಟೀಕೆ ಮಾಡೋರು ಈಗಲೂ ಈ ಮೈನಸ್ ಒಂದನ್ನ ಹಿಡ್ಕೊಂಡೇ ಮಾತಾಡ್ತಾರೆ, ಡಲ್ಲಾಸ್‌ನ ರನ್ನಿಂಗ್ ಬ್ಯಾಕ್ ಎಮಿಟ್ ಸ್ಮಿತ್ ನೋಡಿ, ಯಾವತ್ತೂ ಹಿಂದೆ ಹೋಗ್ತಿರ್ಲಿಲ್ಲ ಅಂತಾರೆ. ಆದ್ರೆ ಸ್ಮಿತ್ ಮುಂದೆ ದಾರಿ ಬಿಡಿಸೋಕೆ ಆ ಕಾಲದ ಅತ್ಯುತ್ತಮ ಲೈನ್, ಅಂದ್ರೆ ಎದುರಾಳಿಗಳನ್ನ ತಡೆಯೋ ದೈತ್ಯರ ಸಾಲು ಇತ್ತು. ಲಯನ್ಸ್‌ನವರು ಮೊದಲ ಕೆಲವು ವರ್ಷ ಆಡ್ತಿದ್ದ ಸ್ಟೈಲಲ್ಲಿ ನಾಲ್ಕು ಜನ ಬಾಲ್ ಹಿಡಿಯೋಕೆ ಅಂತ ಹರಡಿಕೊಂಡು ನಿಲ್ತಿದ್ರು, ರನ್ನಿಂಗ್ ಬ್ಯಾಕ್ ಮುಂದೆ ಹೋಗಿ ದಾರಿ ಮಾಡಿಕೊಡೋ ಫುಲ್‌ಬ್ಯಾಕ್ ಅನ್ನೋನೇ ಇರ್ತಿರ್ಲಿಲ್ಲ. ಹಿಂದೆ ಹೋಗಿ ದಾರಿ ಹುಡುಕೋದು ಇವನ ಚಟ ಅಂತ ಹೇಳೋರು, ಮುಂದೆ ದಾರಿ ಇತ್ತಾ ಅಂತಾನೂ ನೋಡ್ಬೇಕು.

1991 ಲಯನ್ಸ್‌ಗೆ ಒಳ್ಳೇ ವರ್ಷ, 12 ಗೆಲುವು 4 ಸೋಲು. ಆದ್ರೆ ನವೆಂಬರಲ್ಲಿ ಲೈನ್‌ನಲ್ಲಿ ಬ್ಯಾರಿಗೆ ದಾರಿ ಬಿಡಿಸ್ತಿದ್ದ ಮೈಕ್ ಅಟ್ಲಿ ಒಂದು ಸಾಮಾನ್ಯ ಆಟದಲ್ಲಿ ಬಿದ್ದು ಕುತ್ತಿಗೆಯ ಮೂಳೆಗೆ ಪೆಟ್ಟಾಗಿ ಎದೆಯಿಂದ ಕೆಳಗೆ ಸ್ವಾಧೀನ ಹೋಯ್ತು. ಸ್ಟ್ರೆಚರ್ ಮೇಲೆ ಎತ್ಕೊಂಡು ಹೋಗೋವಾಗ ಹೆಬ್ಬೆರಳು ಎತ್ತಿ ತೋರಿಸಿದ, ಆ ಹೆಬ್ಬೆರಳು ಇಡೀ ಟೀಮಿಗೆ ಗುರುತಾಯ್ತು, ಆಮೇಲೆ ಒಂದೂ ಸೋಲದೆ ಸೀಸನ್ ಮುಗಿಸಿ ಜನವರಿಯಲ್ಲಿ ಡಲ್ಲಾಸ್‌ನ 38-6ಕ್ಕೆ ಹೊಡೆದ್ರು, ಬ್ಯಾರಿ ಅವತ್ತು 47 ಯಾರ್ಡ್ ಓಡಿ ಒಂದು ಟಚ್‌ಡೌನ್ ಹಾಕಿದ. ಮುಂದಿನ ವಾರ ವಾಷಿಂಗ್ಟನ್‌ನವರು 41-10ಕ್ಕೆ ಇವರನ್ನ ಮುಗಿಸಿದ್ರು. ಆ ಬೇಸಿಗೆಯಲ್ಲಿ ಇನ್ನೊಬ್ಬ ಲೈನ್‌ಮನ್ ಎರಿಕ್ ಆಂಡಾಲ್ಸೆಕ್ ತನ್ನ ಮನೆ ಅಂಗಳದಲ್ಲಿ ಕೆಲಸ ಮಾಡ್ತಿದ್ದಾಗ ರಸ್ತೆಯಿಂದ ಜಾರಿಬಂದ ಟ್ರಕ್ ಬಡಿದು ಸತ್ತುಹೋದ. ಬ್ಯಾರಿಯ ಹತ್ತು ವರ್ಷದಲ್ಲಿ ಪ್ಲೇಆಫ್ ಗೆಲುವು ಅಂದ್ರೆ ಡಲ್ಲಾಸ್ ಮೇಲಿನದು ಒಂದೇ, ಐದು ಸೋಲು. ಲಯನ್ಸ್ ಇನ್ನೊಂದು ಪ್ಲೇಆಫ್ ಗೆಲ್ಲೋಕೆ 2024ರ ಜನವರಿ ಬರ್ಬೇಕಾಯ್ತು, 32 ವರ್ಷ.

1997 ಬಗ್ಗೆ ಹೇಳೋವಾಗ ಎಲ್ರೂ 2,053 ಅನ್ನೋ ನಂಬರ್ ಹೇಳ್ತಾರೆ, ಆ ಸೀಸನ್ನಲ್ಲಿ ಅವನು ಓಡಿದ ಯಾರ್ಡ್. ಮೊದಲ ಎರಡು ಮ್ಯಾಚ್ ಸೇರಿ ಬರೀ 53 ಯಾರ್ಡ್, ಮುಗೀತು ಇವನ ಕಾಲ ಅಂತ ಮಾತಾಡ್ಕೊಳ್ತಿದ್ರು. ಆಮೇಲೆ ಹೊಸ ಕೋಚ್ ಬಾಬಿ ರಾಸ್ ಮುಂದೆ ಒಬ್ಬ ಫುಲ್‌ಬ್ಯಾಕ್ ನಿಲ್ಲಿಸಿದ್ರು, ಅಲ್ಲಿಂದ ಸತತ 14 ಮ್ಯಾಚ್ ನೂರಕ್ಕಿಂತ ಕಮ್ಮಿ ಓಡಲೇ ಇಲ್ಲ. ಅಕ್ಟೋಬರಲ್ಲಿ ಟ್ಯಾಂಪಾ ಬೇ ಮೇಲೆ ಒಂದೇ ಮ್ಯಾಚಲ್ಲಿ 80 ಯಾರ್ಡಿಂದು ಒಂದು, 82 ಯಾರ್ಡಿಂದು ಒಂದು, ಎರಡು ಟಚ್‌ಡೌನ್. ವರ್ಷದ ಕೊನೇಲಿ ಗ್ರೀನ್ ಬೇ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್ರ್ ಜೊತೆ ಎಂವಿಪಿ, ಅಂದ್ರೆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಹಂಚ್ಕೊಂಡ. ಆದ್ರೆ ಎರಡು ಸಾವಿರ ದಾಟಿದ ಆ ಡಿಸೆಂಬರ್ 21ರ ಮ್ಯಾಚ್ ಇದ್ಯಲ್ಲ, ನ್ಯೂಯಾರ್ಕ್ ಜೆಟ್ಸ್ ಜೊತೆ, ಪಾಂಟಿಯಾಕ್‌ನ ಸಿಲ್ವರ್‌ಡೋಮ್‌ನಲ್ಲಿ, ಅದರಲ್ಲಿ ಲಯನ್ಸ್‌ನ ರೆಜ್ಜಿ ಬ್ರೌನ್ ಅನ್ನೋ ಯುವಕ ಗುದ್ದಾಟದಲ್ಲಿ ಬಿದ್ದು ಉಸಿರೇ ನಿಂತುಹೋಯ್ತು. ಮೈದಾನದ ಮೇಲೇ ಡಾಕ್ಟರ್‌ಗಳು ಬಾಯಿಗೆ ಉಸಿರು ಕೊಟ್ಟು ಬದುಕಿಸಿದ್ರು, ಆಂಬ್ಯುಲೆನ್ಸ್ ಒಳಗೆ ಬಂತು, ಎರಡೂ ಟೀಮ್‌ನವರು ಮಂಡಿಯೂರಿ ಕೂತಿದ್ರು. ಆ ಹುಡುಗ ಆಮೇಲೆ ನಡೆದಾಡೋ ಹಂಗಾದ, ಆಟ ಮಾತ್ರ ಅಲ್ಲಿಗೇ ಮುಗೀತು. ಅವತ್ತು ಬ್ಯಾರಿ 184 ಯಾರ್ಡ್ ಓಡಿದ. ಆ ವೀಡಿಯೋಗಳನ್ನ ನೋಡುವಾಗ ನಂಗೆ ಆ 2,053 ಬಗ್ಗೆ ಖುಷಿ ಪಡೋಕೇ ಆಗಲ್ಲ.

1998ರಲ್ಲಿ 1,491 ಯಾರ್ಡ್, ಟೀಮ್ 5 ಗೆಲುವು 11 ಸೋಲು. ಅಷ್ಟೊತ್ತಿಗೆ ಅವನ ಒಟ್ಟು 15,269. ವಾಲ್ಟರ್ ಪೇಟನ್ ಹೆಸರಲ್ಲಿದ್ದ ಆಲ್‌ಟೈಮ್ ರೆಕಾರ್ಡ್ 16,726. ಇನ್ನು 1,457, ಅಂದ್ರೆ ಇವನಿಗೆ ಒಂದು ಸಾಧಾರಣ ಸೀಸನ್ ಅಷ್ಟೇ. 1999ರ ಜುಲೈ 27ಕ್ಕೆ, 31 ತುಂಬಿ ಹನ್ನೊಂದು ದಿನ ಆಗಿತ್ತು, ಹುಟ್ಟೂರಿನ ಪೇಪರ್ ವಿಚಿಟಾ ಈಗಲ್‌ಗೆ ಒಂದು ಹೇಳಿಕೆ ಫ್ಯಾಕ್ಸ್ ಮಾಡಿಸಿ ರಿಟೈರ್ ಆದೆ ಅಂದ. ಪ್ರೆಸ್ ಮೀಟ್ ಇಲ್ಲ, ಅಳು ಇಲ್ಲ. ಆಟದಲ್ಲಿ ಉಳಿಯೋ ಆಸೆಗಿಂತ ಬಿಡೋ ಆಸೆ ದೊಡ್ಡದಾಗಿದೆ ಅನ್ನೋದು ಅದರ ತಿರುಳು. ಅಷ್ಟೊತ್ತಿಗೆ ಅವನು ಲಂಡನ್ ಫ್ಲೈಟ್ ಹತ್ತಿದ್ದ.

ಡೆಟ್ರಾಯಿಟ್‌ನವರಿಗೆ ಸಿಟ್ಟು ಬಂದಿದ್ದು ನಂಗೆ ಅರ್ಥ ಆಗುತ್ತೆ. ಟ್ರೈನಿಂಗ್ ಕ್ಯಾಂಪ್ ಶುರುವಾಗೋ ಹೊತ್ತಲ್ಲಿ ಫ್ಯಾಕ್ಸ್ ಬಂದ್ರೆ ಕೋಚ್ ಏನು ಮಾಡ್ಬೇಕು, ಹೊಸ ರನ್ನಿಂಗ್ ಬ್ಯಾಕ್‌ನ ಎಲ್ಲಿಂದ ತರ್ಬೇಕು. ಮೊದಲೇ ಹೇಳ್ಬಹುದಿತ್ತು ಅನ್ನೋದು ನ್ಯಾಯವಾದ ಮಾತೇ. ಆದ್ರೆ ರೆಕಾರ್ಡ್ ಬಿಟ್ಟುಹೋದ, ದಡ್ಡ ಅನ್ನೋರ ಮಾತು ನಂಗೆ ಯಾವತ್ತೂ ಹಿಡಿಸಿಲ್ಲ. ಹಿಂದಿನ ವರ್ಷ ಅಕ್ಟೋಬರಲ್ಲಷ್ಟೇ ಪೇಶಾವರದಲ್ಲಿ ಮಾರ್ಕ್ ಟೇಲರ್ 334 ನಾಟೌಟ್ ಇದ್ದಾಗ, ಬ್ರಾಡ್ಮನ್ ಸ್ಕೋರಿಗೆ ಸರಿಸಮ ಬಂದಾಗ, ಬೆಳಗ್ಗೆ ಎದ್ದು ಡಿಕ್ಲೇರ್ ಮಾಡಿದ್ರಲ್ಲ, ಆಗ ಕ್ರಿಕೆಟ್ ನೋಡೋ ನಾವೆಲ್ಲ ಎಷ್ಟು ದೊಡ್ಡ ಮನುಷ್ಯ ಅಂತ ಕೊಂಡಾಡಿದ್ವಿ. ಬ್ಯಾರಿದು ಅಷ್ಟು ಸರಳ ಅಲ್ಲ ಅನ್ನೋದನ್ನೂ ಒಪ್ಕೋತೀನಿ, ಪೇಟನ್ ಮೇಲಿನ ಗೌರವಕ್ಕೆ ಬಿಟ್ಟ ಅಂತ ಅವನೇನೂ ಹೇಳ್ಲಿಲ್ಲ. ಪೇಟನ್ ಆ ವರ್ಷ ಫೆಬ್ರವರಿಯಲ್ಲಿ ತಮಗೆ ಲಿವರ್ ಕಾಯಿಲೆ ಅಂತ ಹೇಳಿಕೊಂಡಿದ್ರು, ನವೆಂಬರ್ 1ಕ್ಕೆ ತೀರಿಕೊಂಡ್ರು. ಆ ರೆಕಾರ್ಡನ್ನ 2002ರಲ್ಲಿ ಎಮಿಟ್ ಸ್ಮಿತ್ ಮುರಿದ.

ಬ್ಯಾರಿ ಆಮೇಲೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದು ಸೋಲಿನ ಬಗ್ಗೆ. ಗೆಲ್ಲಬೇಕು ಅನ್ನೋ ಮನಸ್ಸೇ ಮೇಲಿನವರಿಗೆ ಇದ್ದಂಗೆ ಕಾಣ್ಲಿಲ್ಲ ಅಂತ. ಜೊತೆ ಆಡ್ತಿದ್ದ ಲೋಮಸ್ ಬ್ರೌನ್ ಹೋದ, ಕ್ರಿಸ್ ಸ್ಪೀಲ್‌ಮನ್ ಹೋದ, ಇವನಿಗೆ ತುಂಬಾ ಹತ್ತಿರದವನಾಗಿದ್ದ ಸೆಂಟರ್, ಅಂದ್ರೆ ಲೈನ್‌ನ ನಡುವೆ ನಿಲ್ಲೋ ಕೆವಿನ್ ಗ್ಲೋವರ್‌ನ 1998ರಲ್ಲಿ ಟೀಮೇ ಕಳಿಸಿಬಿಡ್ತು. ಇಲ್ಲಿ ನಂಗೆ ಅನ್ಸೋದು ಇಷ್ಟು. ಅಟ್ಲಾಂಟಾದಲ್ಲಿ ಹತ್ತು ಯಾರ್ಡ್ ಬೇಡ ಅಂದಾಗ ಅವನು ಏನು ಹೇಳಿದ್ದ, ಗೆದ್ದು ಮನೆಗೆ ಹೋಗೋಣ ಅಂದಿದ್ದ. ಗೆಲುವು ಇದ್ದಾಗ ನಂಬರ್ ಬೇಕಿರ್ಲಿಲ್ಲ. ಹತ್ತು ವರ್ಷ ಆದ್ಮೇಲೆ ಗೆಲುವು ಇಲ್ಲ, ಕೊಡೋಕೆ ಅಂತ ಅವರ ಹತ್ರ ಉಳಿದಿದ್ದು ನಂಬರ್ ಒಂದೇ, ಅದಕ್ಕೋಸ್ಕರ ಇನ್ನೊಂದು ಮುನ್ನೂರು ಸಲ ಗುದ್ದಿಸ್ಕೋ ಅಂದ್ರೆ ಅವನು ಯಾಕೆ ಒಪ್ಪಬೇಕು. ಮೈಕ್ ಅಟ್ಲಿನ ನೋಡಿದವನು, ರೆಜ್ಜಿ ಬ್ರೌನ್‌ನ ನೋಡಿದವನು. ಎಪ್ಪತ್ತರ ದಶಕದ ಕೊನೇಲಿ ಹೂಸ್ಟನ್‌ನಲ್ಲಿ ಡಿಫೆಂಡರ್‌ಗಳನ್ನ ಹೊತ್ಕೊಂಡೇ ಓಡ್ತಿದ್ದ ಅರ್ಲ್ ಕ್ಯಾಂಬೆಲ್ ಆಮೇಲೆ ನಡೆಯೋಕೇ ಒದ್ದಾಡ್ಬೇಕಾಯ್ತು, ವೀಲ್‌ಚೇರ್ ಹಿಡೀಬೇಕಾಯ್ತು. ಬ್ಯಾರಿಗೆ ಐವತ್ತೈದು ದಾಟಿದ್ಮೇಲೆ, 2024ರ ಜೂನ್‌ನಲ್ಲಿ, ಹೃದಯದ ತೊಂದರೆ ಆಗಿತ್ತು ಅಂತ ಅವನೇ ಹೇಳಿಕೊಂಡ, ಆದ್ರೂ ತನ್ನ ಕಾಲ ಮೇಲೆ ಓಡಾಡ್ಕೊಂಡು ಇದ್ದಾನೆ.

ನಂಗೆ ನಿಜವಾಗ್ಲೂ ಸಿಟ್ಟು ಬರೋದು ಆಮೇಲೆ ನಡೆದಿದ್ದಕ್ಕೆ. ಬೇರೆ ಟೀಮಿಗೆ ಬಿಡಿ ಅಂತ ಅವನ ಏಜೆಂಟ್ ಕೇಳಿದ್ರೆ ಬಿಡ್ಲಿಲ್ಲ, ಕಾಂಟ್ರಾಕ್ಟ್ ಮುಗಿದಿಲ್ಲ, ಕೊಟ್ಟ ಬೋನಸ್ ವಾಪಸ್ ಕೊಡು ಅಂತ ಪಂಚಾಯ್ತಿಗೆ ಹೋದ್ರು, ಅವನು ಲಕ್ಷಾಂತರ ಡಾಲರ್ ಹಿಂದಿರುಗಿಸ್ಬೇಕು ಅಂತ ತೀರ್ಪಾಯ್ತು. ಕಾಗದದ ಪ್ರಕಾರ ಅದು ಸರಿಯೇ ಇರಬಹುದು. ಆದ್ರೆ ಈ ಲೀಗ್‌ನಲ್ಲಿ ಕಾಂಟ್ರಾಕ್ಟ್ ಅನ್ನೋದು ಒಂದೇ ಕಡೆ ಕಟ್ಟಿಹಾಕುತ್ತೆ, ಬಹುಪಾಲು ಆಟಗಾರರಿಗೆ ಪೂರ್ತಿ ದುಡ್ಡು ಗ್ಯಾರಂಟಿ ಇಲ್ಲ, ಬೇಡ ಅನ್ನಿಸಿದ ದಿನ ಟೀಮ್ ಕಳಿಸಿಬಿಡಬಹುದು, ಗ್ಲೋವರ್‌ಗೆ ಮಾಡಿದ ಹಾಗೆ. ಆಟಗಾರನಿಗೆ ಸಾಕು ಅನ್ನಿಸಿದ್ರೆ ಮಾತ್ರ ದುಡ್ಡು ಕಟ್ಟಿ ಹೋಗ್ಬೇಕು. ಅದೇ ಲಯನ್ಸ್‌ನವರು 2016ರಲ್ಲಿ ಕ್ಯಾಲ್ವಿನ್ ಜಾನ್ಸನ್ 30ನೇ ವಯಸ್ಸಿಗೆ ಬಿಟ್ಟಾಗಲೂ ಬೋನಸ್ ದುಡ್ಡು ವಾಪಸ್ ಕಕ್ಕಿಸಿದ್ರು, ಆ ಬೇಸರಕ್ಕೆ ಅವನು ಎಷ್ಟೋ ವರ್ಷ ಆ ಕಡೆ ತಲೆ ಹಾಕ್ಲಿಲ್ಲ. ಒಂದೇ ಊರಿನ ಇಬ್ಬರು ಅತಿ ಒಳ್ಳೇ ಆಟಗಾರರು, ಇಬ್ಬರೂ ಮೈಯಲ್ಲಿ ಶಕ್ತಿ ಇದ್ದಾಗಲೇ ಸಾಕು ಅಂದ್ರು, ಹದಿನೇಳು ವರ್ಷದ ಅಂತರದಲ್ಲಿ. ಇದು ಆಟಗಾರರ ಹುಚ್ಚು ಅಂತ ಹೇಳೋಕೆ ನಂಗೆ ಬಾಯಿ ಬರಲ್ಲ.

2004ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿಸ್ಕೊಂಡಾಗ ಬ್ಯಾರಿಗೆ 36, ವೇದಿಕೆ ಮೇಲೆ ಪರಿಚಯ ಮಾಡಿಕೊಟ್ಟಿದ್ದು ಅಪ್ಪ ವಿಲಿಯಂ. 2023ರ ಸೆಪ್ಟೆಂಬರಲ್ಲಿ ಲಯನ್ಸ್‌ನ ಸ್ಟೇಡಿಯಂ ಫೋರ್ಡ್ ಫೀಲ್ಡ್ ಹೊರಗೆ ಅವನ ಕಂಚಿನ ಪ್ರತಿಮೆ ನಿಲ್ಲಿಸಿದ್ರು, ಅವನೂ ಬಂದಿದ್ದ, ಹಳೇ ಸಿಟ್ಟೆಲ್ಲ ಆರಿದೆ ಅಂತ ಎರಡೂ ಕಡೆಯವರು ಹೇಳ್ತಾರೆ, ಮರುವರ್ಷ ಜಾನ್ಸನ್‌ನೂ ಕರೆದು ಗೌರವಿಸಿದ್ರು. ಒಳ್ಳೇದೇ ಆಯ್ತು. ಆದ್ರೆ ಕಾಂಟ್ರಾಕ್ಟ್‌ನ ನಿಯಮ ಮಾತ್ರ ಹಂಗೇ ಇದೆ, ಮುಂದಿನ ಸಲ ಇನ್ಯಾವನೋ ಮೂವತ್ತರ ಹುಡುಗ ಸಾಕು ಅಂದ್ರೆ ಅವನ ಮನೆಗೂ ಅದೇ ನೋಟಿಸ್ ಬರುತ್ತೆ.